ಕೋಳಿ ಕೊಂಡವಳು ಊಟಿ ಕಂಡದ್ದು

ಗುಂಡ್ಲುಪೇಟೆಯಿಂದ ಊಟಿ ಕಡೆಗೆ ಹೊರಟರೆ, ಊರು ಮುಗಿಯಿತೋ ಇಲ್ಲವೋ ಎಂದು ಅನುಮಾನ ಬರುವ ಜಾಗದಲ್ಲಿ ತಗಡಿನ ಮಾಡಿನ ಒಂದು ಮೆಸ್ಸಿದೆ. ಬೋರ್ಡಿನ ನೆತ್ತಿಯ ಮೇಲೆ ‘ಶ್ರೀ ಮಲೆ ಮಹದೇಶ್ವರ ಪ್ರಸನ್ನ’, ಅದರ ಕೆಳಗೆ ‘ನಾಟಿ ಕೋಳಿ ಊಟ ಸಿಗುತ್ತದೆ’. ದೇವರ ಹೆಸರಿನ ಬುಡದಲ್ಲೇ ಕೋಳಿ ಬರೆಸಬೇಡಿ ಎಂದು ಬೋರ್ಡು ಬರೆಯುವವನು ಕೈ ಮುಗಿದು ಹೇಳಿದ್ದನಂತೆ. “ಮಾದಪ್ಪ ತಿನ್ನಕಿಲ್ಲ, ಸರಿ. ತಿನ್ನೋರ್ಗೆ ದಾರಿ ತೋರ್ಸಕ್ಕೇನು ಅವ್ನಿಗೆ ನೋವು? ಬರಿ ಸುಮ್ನೆ” ಎಂದಳು ಮೆಸ್ಸಿನ ಒಡತಿ ದೊಡ್ಡಮಾದಮ್ಮ. ಅವನು ಬರೆದ. ಇನ್ನು ಆ ನಾಟಿ ಎಂಬ ಮಾತಿನ ವಿಚಾರ. ಸೀಸನ್ನಿನಲ್ಲಿ ಅಷ್ಟು ನಾಟಿ ಕೋಳಿ ಎಲ್ಲಿಂದ ತರುವುದು? ಗುಂಡ್ಲುಪೇಟೆಯ ಮಣ್ಣು ಒಂದು ಸಲ ಕೆರೆದ ಮೇಲೆ ಎಲ್ಲ ಕೋಳಿಯೂ ನಾಟಿಯೇ ಎಂಬುದು ಅವಳ ಸಿದ್ಧಾಂತ.

ದೊಡ್ಡಮಾದಮ್ಮ ಹುಟ್ಟಿದ್ದು ಕುದೇರಿನಲ್ಲಿ. ಗಂಡ ಶಿವರಾಮು ಫಾರೆಸ್ಟ್ ವಾಚರು. ಬಂಡೀಪುರದಲ್ಲಿ ಆನೆ ಕಾಯುವ ಸರ್ಕಾರಿ ಕೆಲಸ ಎಂದು ಹೇಳಿ ಮದುವೆ ಮಾಡಿದರು. ಬಂದು ನೋಡಿದರೆ ಆನೆಯೇ ಇವನನ್ನು ಕಾಯುತ್ತಿತ್ತು, ಮರ ಹತ್ತಿ ಕೂತವನು ಯಾವಾಗ ಇಳಿಯುತ್ತಾನೆ ಎಂದು. ಸಂಬಳ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಹಾಗಾಗಿ ಅವಳು ರಸ್ತೆ ಬದಿಯಲ್ಲಿ ಮೂರು ಕಲ್ಲು ಹೂಡಿ ಲಾರಿ ಡ್ರೈವರುಗಳಿಗೆ ಮುದ್ದೆ, ಕೋಳಿ ಸಾರು ಬಡಿಸತೊಡಗಿದಳು. ಕಲ್ಲು ಹೋಗಿ ಗ್ಯಾಸ್ ಬಂತು, ಮರದ ನೆರಳು ಹೋಗಿ ತಗಡು ಬಂತು, ಲಾರಿಗಳ ಹಿಂದೆ ಊಟಿಗೆ ಹೋಗುವ ಕಾರುಗಳೂ ಬಂದು ನಿಂತವು. ಶಿವರಾಮು ರಿಟೈರಾಗಿ ಗಲ್ಲಾದ ಮುಂದೆ ಕೂತ. ಮಗ ಮಾದೇವ ಟೂರಿಸ್ಟ್ ಗಾಡಿ ಓಡಿಸಿಕೊಂಡು ಸದಾ ಕೇರಳದಲ್ಲೇ. ಸೊಸೆ ಭಾನು ಬಿಕಾಂ ಓದಿದವಳು, ಮೆಸ್ಸಿಗೆ ಬಂದ ಮೇಲೆ ಈರುಳ್ಳಿ ಹೆಚ್ಚುವುದರಲ್ಲೂ ಪಾಸಾದಳು.

ಬೆಳಗಾದರೆ ದೊಡ್ಡಮಾದಮ್ಮ ಒಲೆ ಹಚ್ಚುವುದಕ್ಕೆ ಮುಂಚೆ ಗೋಡೆಯ ಮೇಲಿನ ಹುಲಿವಾಹನ ಮಾದಪ್ಪನ ಫೋಟೋದ ಜೊತೆ ಒಂದು ಜಗಳ ಆಡುತ್ತಿದ್ದಳು. “ಏನ್ಲಾ ಮಾದಪ್ಪ, ನಿನ್ನೆ ಅರ್ಧ ಪಾತ್ರೆ ಸಾರು ಉಳಿಸ್ಬುಟ್ಟೆ. ಇವತ್ತೂ ಇಂಗೇ ಮಾಡುದ್ರೆ ಊದ್ಗಡ್ಡಿ ಕಟ್ ಕಣ್ಲಾ.” ಹೀಗೆ ಹೇಳಿ ಊದುಗಡ್ಡಿ ಹಚ್ಚಿಯೇ ಹಚ್ಚುತ್ತಿದ್ದಳು. ಗಿರಾಕಿಗಳಿಗೂ ಇದೇ ಮರ್ಯಾದೆ. ಸಾರು ಖಾರ ಎಂದರೆ, “ಮುದ್ದೆ ತಿನ್ನು, ಅದ್ರಲ್ಲಿ ಖಾರ ಆಕಿಲ್ಲ” ಎನ್ನುವಳು.

ಸೂರ್ಯಕಾಂತಿ ಹೊಲಗಳ ಮುಂದೆ ಫೋಟೋ ತೆಗೆಸಿಕೊಳ್ಳುವ ಜನ ರಸ್ತೆಯುದ್ದಕ್ಕೂ ಮುತ್ತಿಕೊಂಡ ಒಂದು ಆಷಾಢದಲ್ಲಿ, ಚಾಮರಾಜನಗರದ ಬ್ಯಾಂಕೊಂದರಿಂದ ಕಾವ್ಯಶ್ರೀ ಎಂಬ ಹುಡುಗಿ ಸ್ಕೂಟಿಯಲ್ಲಿ ಬಂದಳು. ಕೊರಳಲ್ಲಿ ಐಡಿ ಕಾರ್ಡು, ಬ್ಯಾಗಿನಲ್ಲಿ ಸ್ವೈಪಿಂಗ್ ಮಿಷನ್ನು.

“ಕೇರಳದವರು, ಬೆಂಗಳೂರಿನವರು ಎಲ್ಲ ಕಾರ್ಡ್ ಕೇಳ್ತಾರೆ ಅಮ್ಮ. ಮಿಷನ್ ಇಲ್ಲ ಅಂದ್ರೆ ಮುಂದಿನ ಹೋಟೆಲಿಗೆ ಹೋಗ್ಬಿಡ್ತಾರೆ. ಹಾಕಿಸ್ಕೊಳ್ಳಿ. ನಿಮಗೆ ಕೈಯಿಂದ ಒಂದು ರೂಪಾಯಿ ಖರ್ಚಿಲ್ಲ.”

“ಒಂದ್ ರೂಪಾಯಿ ಖರ್ಚಿಲ್ದೆ ನನ್ ಗಂಡ ಒಬ್ಬ ಸಿಕ್ದ ಕಣಮ್ಮಿ. ಅವ್ನ ಕತೆ ಗೊತ್ತಲ್ಲ ನಿಂಗೆ?” ಎಂದಳು ದೊಡ್ಡಮಾದಮ್ಮ. ಗಲ್ಲಾದಲ್ಲಿದ್ದ ಶಿವರಾಮು ಹಲ್ಲು ಕಿರಿದ. ಮಿಷನ್ನು ಗಲ್ಲಾದ ಪಕ್ಕದಲ್ಲಿ ಕೂತಿತು. ಮೊದಲ ದಿನ ಅದರ ಬಾಯಿಂದ ಚೀಟಿ ಬಂದಾಗ ಶಿವರಾಮು ಅದನ್ನು ಮಾದಪ್ಪನ ಫೋಟೋಗೆ ತೋರಿಸಿ ಜೇಬಿಗಿಟ್ಟುಕೊಂಡ.

ತಿಂಗಳು ಕಳೆಯಿತು. ವ್ಯಾಪಾರ ಏರಿತ್ತು, ಆದರೆ ಬ್ಯಾಂಕಿನಲ್ಲಿ ಬಿದ್ದ ದುಡ್ಡು ಅದಕ್ಕೆ ತಕ್ಕಂತೆ ಇರಲಿಲ್ಲ. ಮಾರಿದ್ದಕ್ಕೂ ಸಿಕ್ಕಿದ್ದಕ್ಕೂ ತಾಳೆಯಾಗದಿದ್ದಾಗ ದೊಡ್ಡಮಾದಮ್ಮನ ಕಣ್ಣು ಹೋಗುವುದು ಒಂದೇ ಕಡೆಗೆ. ಸೌಟು ಹಿಡಿದುಕೊಂಡೇ ಗಲ್ಲಾದ ಮುಂದೆ ಬಂದು ನಿಂತಳು.

“ದುಡ್ಡು ಏನಾಯ್ತಯ್ಯ?”

ಆನೆಗೆ ಹೆದರಿ ಮರ ಹತ್ತುತ್ತಿದ್ದವನಿಗೆ ಇಲ್ಲಿ ಹತ್ತಲು ಮರವಿರಲಿಲ್ಲ. ಶಿವರಾಮು “ಬತ್ತೇರಿ ಕಡೆ ಓಗೋ ಲಾರಿ ಡ್ರೈವರ್ ಕೈಲಿ ಕೇರಳದ ಲಾಟ್ರಿ ತರುಸ್ತಿದ್ದೆ ಅಮ್ಮಿ. ವಾರಕ್ಕೆ ಒಂದೇ. ನಿನ್ಮೇಲಾಣೆ” ಎಂದುಬಿಟ್ಟ.

ಇದು ಅವಳಿಗೆ ಗೊತ್ತೇ ಇರಲಿಲ್ಲ. ಸೌಟು ಮೇಲೆದ್ದಿತು. ಅಷ್ಟರಲ್ಲಿ ಫೋನು ನೋಡುತ್ತಿದ್ದ ಭಾನು ಅಡ್ಡ ಬಂದಳು. “ಮಾವ ತಗೊಂಡಿರೋದು ಚಿಲ್ಲರೆ ಅತ್ತೆ. ಇದು ಅದಲ್ಲ. ಬ್ಯಾಂಕಿನೋರೇ ಮುರ್ಕೊಂಡವ್ರೆ. ಕ್ರೆಡಿಟ್ ಕಾರ್ಡ್ ಉಜ್ಜಿದಾಗೆಲ್ಲ ನೂರಕ್ಕೆ ಎರಡು ರೂಪಾಯಿ. ಅದ್ರ ಮೇಲೆ ಜಿಎಸ್‌ಟಿ. ಮಿಷನ್ ಬಾಡಿಗೆ ಬೇರೆ.”

ಶಿವರಾಮುಗೆ ತಾನು ಬಾಯಿ ತೆರೆಯಬಾರದಿತ್ತು ಎಂದು ಹೊಳೆಯಿತು. ಹೊಳೆದು ಏನು ಪ್ರಯೋಜನ? ಆ ವಾರದ ಲಾಟರಿ ಒಲೆಗೆ ಹೋಯಿತು. ಆಮೇಲೆ ದೊಡ್ಡಮಾದಮ್ಮ ಕಾವ್ಯಶ್ರೀಗೆ ಫೋನು ಹಚ್ಚಿಸಿದಳು. ಆ ಹುಡುಗಿ ಪಾಪ, ಮಾರನೆಯ ದಿನವೇ ಬಂದಳು, ಮೂಲೆಯ ಬೆಂಚಿನ ಮೇಲೆ ಕೂತು ಉಣ್ಣುತ್ತಾ ಬಿಡಿಸಿ ಹೇಳಿದಳು. ಗಿರಾಕಿ ಫೋನಿನಲ್ಲಿ ತಮ್ಮ ಖಾತೆಯಿಂದ ನೇರ ಹಾಕಿದರೆ ಏನೂ ಮುರಿಯುವುದಿಲ್ಲ. ಕ್ರೆಡಿಟ್ ಕಾರ್ಡಾದರೆ ಎರಡು. ಕಂಪನಿಯವರು ಕೊಡುವ ಬಿಸಿನೆಸ್ ಕಾರ್ಡಾದರೆ ಇನ್ನೂ ಸ್ವಲ್ಪ ಜಾಸ್ತಿಯೇ.

“ಆ ಎಲ್ಡು ರೂಪಾಯಿ ಯಾರ್ ತಿಂತಾರೆ?”

“ಎಲ್ಲರಿಗೂ ಹಂಚಿ ಹೋಗುತ್ತಮ್ಮ. ಮಿಷನ್ ಕೊಟ್ಟ ಬ್ಯಾಂಕು, ಕಾರ್ಡ್ ಕೊಟ್ಟ ಬ್ಯಾಂಕು... ಕಾರ್ಡ್ ಇಟ್ಕೊಂಡಿರೋರಿಗೂ ಅದ್ರಲ್ಲೇ ಸ್ವಲ್ಪ ರಿವಾರ್ಡ್ ಪಾಯಿಂಟ್ ಅಂತ ಹೋಗುತ್ತೆ. ಪಾಯಿಂಟ್ ಸೇರಿಸಿದ್ರೆ ಬ್ಯಾಗು, ಮಿಕ್ಸಿ, ವಿಮಾನದ ಟಿಕೆಟ್ಟು ಎಲ್ಲ ಸಿಗುತ್ತೆ.”

ದೊಡ್ಡಮಾದಮ್ಮ ಕೈಯಲ್ಲಿದ್ದ ಸೌಟನ್ನು ಬೆಂಚಿನ ಮೇಲಿಟ್ಟಳು. ಅವಳು ಸೌಟು ಕೆಳಗಿಟ್ಟದ್ದು ನೋಡಿ ಭಾನುವಿಗೆ ಭಯವಾಯಿತು.

“ಅಂದ್ರೆ ನನ್ ಕೋಳಿ ಅವ್ರು ತಿನ್ನದು. ತಿಂದಿದ್ದಕ್ಕೆ ನಾನೇ ಅವ್ರಿಗೆ ಭಕ್ಷೀಸು ಕೊಡದು?”

“ಆ ಥರ ಹೇಳ್ಬಾರದಮ್ಮ.”

“ಇನ್ನೆಂಗ್ ಏಳ್ಬೇಕು, ನೀನೇ ಏಳ್ಕೊಡು ಕೂಸು.”

ಕಾವ್ಯಶ್ರೀ ತಟ್ಟೆಯಲ್ಲಿದ್ದ ಲೆಗ್ ಪೀಸನ್ನು ಮುಗಿಸಿ, ದುಡ್ಡು ಎಷ್ಟು ಎಂದಳು. “ಕಾರ್ಡ್ ಉಜ್ಬುಟ್ಟೀಯ, ಜೋಪಾನ” ಎಂದಳು ದೊಡ್ಡಮಾದಮ್ಮ.

ಅಂದೇ ಶಿವರಾಮು ರಟ್ಟಿನ ಮೇಲೆ ‘ಕಾರ್ಡಿಗೆ ನೂರಕ್ಕೆ ಎರಡು ರೂ. ಹೆಚ್ಚು’ ಎಂದು ಬರೆದು ನೇತು ಹಾಕಿದ. ನಾಲ್ಕೇ ದಿನಕ್ಕೆ ದೊಡ್ಡ ಕಾರಿನಲ್ಲಿ ಬಂದ ಒಬ್ಬ ಗಿರಾಕಿ, ಹೀಗೆ ಹೆಚ್ಚು ಕೇಳುವುದು ಬ್ಯಾಂಕಿನ ನಿಯಮಕ್ಕೆ ವಿರುದ್ಧ ಎಂದು ಫೋಟೋ ಹೊಡೆದು ದೂರು ಕಳಿಸಿದ. ಕಾವ್ಯಶ್ರೀ ಓಡೋಡಿ ಬಂದು ರಟ್ಟು ತೆಗೆಸಿದಳು. ಎರಡು ರೂಪಾಯಿಗೆ ಎಷ್ಟು ಜನ ಓಡಾಡುತ್ತಾರಲ್ಲ ಎಂದು ದೊಡ್ಡಮಾದಮ್ಮನಿಗೆ ಆಶ್ಚರ್ಯ.

ರಟ್ಟು ಹೋಯಿತು, ಹಟ ಹೋಗಲಿಲ್ಲ. ಊಟಕ್ಕೆ ಕೂತವರನ್ನು ಅವಳು ಬಡಿಸುವುದಕ್ಕೆ ಮುಂಚೆಯೇ ಕೇಳತೊಡಗಿದಳು: “ಕ್ಯಾಶಾ, ಫೋನಾ, ಕಾರ್ಡಾ?” ಕ್ಯಾಶು, ಫೋನಿನವರಿಗೆ ತೊಡೆ. ಕಾರ್ಡಿನವರಿಗೆ ಕತ್ತು, ರೆಕ್ಕೆ, ಇನ್ನು ಕೋಳಿಗೂ ಬೇಡವಾದದ್ದು. ಯಾವ ನಿಯಮದಲ್ಲೂ ಕೋಳಿಯ ಯಾವ ಭಾಗ ಯಾರಿಗೆ ಎಂದು ಬರೆದಿಲ್ಲವಷ್ಟೆ. ಲಾರಿ ಡ್ರೈವರುಗಳಿಗೆ ಇದು ಹಬ್ಬವಾಯಿತು. ಆದರೆ ಒಂದು ಭಾನುವಾರ ಬೆಂಗಳೂರಿನ ಹುಡುಗರ ಗುಂಪೊಂದು ಒಕ್ಕೊರಲಿನಿಂದ “ಕ್ಯಾಶ್ ಆಂಟಿ” ಎಂದು ಕೂಗಿ, ಪಾತ್ರೆಯಲ್ಲಿದ್ದ ತೊಡೆಯನ್ನೆಲ್ಲ ಖಾಲಿ ಮಾಡಿ, ಎದ್ದು ಕೈ ತೊಳೆದು, ಫಳಫಳ ಹೊಳೆಯುವ ಕಂಪನಿ ಕಾರ್ಡು ತೆಗೆದು ಶಿವರಾಮುವಿನ ಮುಂದಿಟ್ಟಿತು. ಅವರ ಕಾರು ಬಂಡೀಪುರದ ಚೆಕ್‌ಪೋಸ್ಟು ಮುಟ್ಟುವವರೆಗೂ ದೊಡ್ಡಮಾದಮ್ಮ ಬೈಯುತ್ತಲೇ ಇದ್ದಳು. ಆ ಬೈಗುಳಗಳನ್ನು ಇಲ್ಲಿ ಬರೆಯುವಂತಿಲ್ಲ, ಓದುವವರ ಮನೆಯಲ್ಲಿ ಮಕ್ಕಳಿರಬಹುದು.

ಇಂಥ ಹೊತ್ತು ನೋಡಿಯೇ ಕಾವ್ಯಶ್ರೀ ಮತ್ತೆ ಬಂದಳು. ಅವಳಿಗೂ ತಿಂಗಳ ಟಾರ್ಗೆಟ್ಟು. “ಅಮ್ಮ, ಕೊಡೋ ಕಡೆ ಇದ್ದು ಇದ್ದು ಸಾಕಾಯ್ತಲ್ವ? ನೀವೂ ಒಂದು ಬಿಸಿನೆಸ್ ಕಾರ್ಡ್ ತಗೊಂಡ್ಬಿಡಿ. ನಿಮ್ಮ ಎಫ್‌ಡಿ ಮೇಲೇ ಕೊಡ್ತಾರೆ. ಕೋಳಿ, ಎಣ್ಣೆ, ಅಕ್ಕಿ, ಎಲ್ಲ ಅದರಲ್ಲೇ ತನ್ನಿ. ಪಾಯಿಂಟ್ ನಿಮಗೆ ಬರುತ್ತೆ.”

“ಆಗ ಎಲ್ಡು ರೂಪಾಯಿ ಯಾರ್ಗೆ ಮುರೀತದೆ?”

“ಕೋಳಿ ಅಂಗಡಿಯವರಿಗೆ.”

ದೊಡ್ಡಮಾದಮ್ಮನ ಮುಖದ ಮೇಲೆ ಒಂದು ನಗು ಹಬ್ಬಿತು. “ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ. ಇನ್ಮೇಲೆ ನಾನು ಈರಭದ್ರಿ ಕಣಮ್ಮಿ. ಕೊಡು ಎಲ್ ಸೈನ್ ಮಾಡ್ಬೇಕು.”

ಸಾಲ ಎಂದರೆ ಅವಳಿಗೆ ಆಗದು. ಹಾಗಾಗಿ ಕಾರ್ಡಿನಲ್ಲಿ ಕೊಂಡದ್ದನ್ನು ಭಾನು ವಾರವಾರವೂ ಕಟ್ಟಿಬಿಡಬೇಕು ಎಂದು ಕಟ್ಟಪ್ಪಣೆಯಾಯಿತು. ಭಾನು ಫೋನಿನಲ್ಲಿ ಬಹುಮಾನಗಳ ಚಿತ್ರ ತೋರಿಸುತ್ತಾ ಬಂದಳು. ಸೂಟ್‌ಕೇಸು, ಇಸ್ತ್ರಿ ಪೆಟ್ಟಿಗೆ, ಗಡಿಯಾರ. ಕೊನೆಗೆ ಒಂದು ಚಿತ್ರದ ಮೇಲೆ ದೊಡ್ಡಮಾದಮ್ಮ ಬೆರಳು ಇಟ್ಟಳು.

“ಇದ್ಯಾವ್ದು?”

“ಊಟಿ ಅತ್ತೆ. ದೊಡ್ಡ ಹೋಟೆಲ್ಲು. ಇಬ್ಬರಿಗೆ ಒಂದು ದಿನ, ಬೆಳಗಿನ ತಿಂಡಿ ಸಮೇತ.”

ಮೆಸ್ಸಿನ ಮುಂದಿನ ರಸ್ತೆ ಊಟಿಗೇ ಹೋಗುತ್ತದೆ. ಬಸ್ಸು ಹತ್ತಿದರೆ ಮಧ್ಯಾಹ್ನದೊಳಗೆ ಅಲ್ಲಿರಬಹುದು. ಊಟಿಗೆ ಹೋಗುವ ಎಷ್ಟು ಸಾವಿರ ಹೊಟ್ಟೆಗಳನ್ನು ಅವಳು ತುಂಬಿಸಿ ಕಳಿಸಿದ್ದಳೋ. ಹನಿಮೂನಿನವರು, ಸ್ಕೂಲಿನ ಮಕ್ಕಳು, ಮುದುಕರು, ಸ್ವೆಟರ್ ಹಾಕಿಸಿಕೊಂಡ ಒಂದು ನಾಯಿ ಕೂಡ. ಅವಳು ಮಾತ್ರ ಒಂದು ಸಲವೂ ಹೋಗಿರಲಿಲ್ಲ. ಇದು ಯಾರಿಗೂ ಹೊಳೆದಿರಲಿಲ್ಲ, ಅವಳಿಗೂ.

“ಇದಿರ್ಲಿ” ಎಂದಳು.

ಅಲ್ಲಿಂದ ಶುರುವಾಯಿತು ಕನಕರಾಜುವಿನ ಕಷ್ಟಕಾಲ. ಪೇಟೆಯಲ್ಲಿ ಅವನ ಚಿಕನ್ ಸೆಂಟರು. ಕಾವ್ಯಶ್ರೀ ಅವನಿಗೂ ಮಿಷನ್ನು ಕೊಟ್ಟಿದ್ದಳು. ಅದರ ಮೇಲೆ ಕೋಳಿಪುಕ್ಕ ಬಿಟ್ಟರೆ ಬೇರೇನೂ ಬಿದ್ದಿರಲಿಲ್ಲ. ದಿನಾ ಕೋಳಿ ಒಯ್ಯುವ ದೊಡ್ಡಮಾದಮ್ಮ ಕಾರ್ಡು ಚಾಚಿದಾಗ ಅವನಿಗೆ ಹೆಮ್ಮೆಯೇ ಆಯಿತು. ಸಲೀಸಾಗಿ ಉಜ್ಜಿದ. ಬಹಳ ದಿನ ಹಾಗೇ ನಡೆಯಿತು, ಏಕೆಂದರೆ ಲೆಕ್ಕ ನೋಡುವ ಚಾಳಿ ಕನಕರಾಜುಗೆ ಇರಲಿಲ್ಲ. ನೋಡಿದ ದಿನ ಮಚ್ಚು ಹಿಡಿದುಕೊಂಡೇ ಮೆಸ್ಸಿನ ತನಕ ಬಂದ. ಕೋಳಿ ಕಡಿಯುತ್ತಿದ್ದವನು ಅದನ್ನು ಕೆಳಗಿಡಲು ಮರೆತಿದ್ದ ಅಷ್ಟೆ. ಉಣ್ಣುತ್ತಿದ್ದ ಇಬ್ಬರು ಕೈ ತೊಳೆಯದೆ ಎದ್ದು ಹೋದರು.

“ಅಕ್ಕ, ನಿನ್ ಪಾಯಿಂಟಿಗೆ ನನ್ ಕೋಳಿ ಸಾಯ್ಬೇಕಾ?”

“ನಿನ್ ಕೋಳಿ ಎಂಗಿದ್ರೂ ಸಾಯ್ತದೆ ಕಣ್ಲಾ. ಆ ಮಚ್ಚು ಆಕಡೆ ಮಡ್ಗಿ ಮಾತಾಡು.”

“ಕೆಜಿಗೆ ನಂಗೆ ಸಿಗದೇ ಪುಡಿಗಾಸು. ಅದ್ರಲ್ಲಿ ಬ್ಯಾಂಕಿನೋರ್ಗೆ ಕೊಟ್ಟು, ನಿನ್ನ ಊಟಿಗೆ ಕಳ್ಸಿ, ನಾನು ಪುಕ್ಕ ತಿನ್ನನಾ?”

ಊಟಿಯ ವಿಷಯ ಅವನಿಗೆ ಹೇಗೆ ಗೊತ್ತಾಯಿತೋ. ಶಿವರಾಮು ಮೇಜಿನ ಕೆಳಗೆ ಏನೋ ಬಿದ್ದಂತೆ ಬಗ್ಗಿ ಹುಡುಕತೊಡಗಿದ. ದೊಡ್ಡಮಾದಮ್ಮನ ಬಾಯಲ್ಲಿ ನಾಲ್ಕು ಉತ್ತರಗಳು ಸಿದ್ಧವಿದ್ದವು. ಆದರೆ ಕನಕರಾಜು ಹೇಳುತ್ತಿದ್ದದ್ದು ಅವಳೇ ಕಾವ್ಯಶ್ರೀಗೆ ಹೇಳಿದ್ದ ಮಾತು, ಹೆಚ್ಚು ಕಡಿಮೆ ಅದೇ ದನಿಯಲ್ಲಿ.

“ಕೂತ್ಕೊ” ಎಂದಳು. ಒಂದು ತಟ್ಟೆ ಬಡಿಸಿದಳು. ಅವನು ತಿನ್ನುವವರೆಗೆ ಕಾದು, “ಊಟಿ ಹೋಟ್ಲಿನ ಪಾಯಿಂಟ್ ತುಂಬಕ್ಕೆ ಇನ್ನೊಂದ್ ತಿಂಗ್ಳು ಕೋಳಿ ಬಾಕಿ ಅದೆ. ಆ ಒಂದ್ ತಿಂಗ್ಳು ಮುರಿಯೋ ಎಲ್ಡು ರೂಪಾಯಿ ನಾನೇ ಕೊಡ್ತೀನಿ. ಆಮೇಲೆ ನಿಂಗೆ ಬರೀ ಕ್ಯಾಶು. ಏನಂತೀಯೆ?” ಎಂದಳು.

ಕನಕರಾಜು ಮೂಳೆ ಚೀಪುತ್ತಾ ಯೋಚಿಸಿ, ಆಗಲಿ ಎಂದ. ಹೋಗುವಾಗ ಮಚ್ಚು ಮರೆತು ಹೋದ. ಭಾನು ಓಡಿ ಹೋಗಿ ಕೊಟ್ಟು ಬಂದಳು.

ಬಂದವಳು ಅತ್ತೆಯ ಪಕ್ಕ ನಿಂತು ಮೆಲ್ಲಗೆ, “ಅತ್ತೆ, ಎರಡು ರೂಪಾಯಿ ಕೊಟ್ಟು ಕಾಲು ರೂಪಾಯಿ ಪಾಯಿಂಟ್ ತಗೊಂಡಂಗಾಯ್ತು. ಅದ್ರ ಬದ್ಲು ದುಡ್ಡು ಕೊಟ್ಟೇ ಊಟಿಗೆ ಹೋಗ್ಬೋದಿತ್ತಲ್ಲ” ಎಂದಳು.

ದೊಡ್ಡಮಾದಮ್ಮ ಈರುಳ್ಳಿ ಹೆಚ್ಚುತ್ತಿದ್ದಳು. ತಲೆಯೆತ್ತಲಿಲ್ಲ. “ಗೊತ್ತು ಕಣಮ್ಮಿ. ನಾನೇನು ದಡ್ಡಿಯಾ? ದುಡ್ಡು ಕೊಟ್ಟು ಊಟಿಗೋಯ್ತೀನಿ ಅಂದ್ರೆ ನಿನ್ ಮಾವ ‘ಯಾಕೆ, ಏನ್ ಬಂದದೆ’ ಅಂತಾನೆ. ಅವ್ನ್ ಬುಡು, ನಂಗೇ ಬೆಳಿಗ್ಗೆ ಎದ್ರೆ ಅನ್ನುಸ್ತದೆ, ಆ ದುಡ್ಡಲ್ಲಿ ಒಂದು ದೊಡ್ಡ ಪಾತ್ರೆ ಬತ್ತದಲ್ಲ ಅಂತ. ಪುಕ್ಸಟ್ಟೆ ಅಂದ್ರೆ ಯಾರೂ ಏನೂ ಕೇಳಕಿಲ್ಲ. ನಾನೂ ಕೇಳಕಿಲ್ಲ.”

ಭಾನು ಇನ್ನೊಂದು ಚಾಕು ತಂದು ಪಕ್ಕದಲ್ಲಿ ಈರುಳ್ಳಿಗೆ ಕೂತಳು.

ಹೀಗೆ ಪಾಯಿಂಟು ತುಂಬಿದ ಮೇಲೆ ಒಂದು ಸೋಮವಾರ ದೊಡ್ಡಮಾದಮ್ಮ ಮೆಸ್ಸನ್ನು ಭಾನುವಿನ ಕೈಗೆ ಕೊಟ್ಟು, ಮಾದಪ್ಪನಿಗೆ “ಸೊಸೆ ಅವ್ಳೆ, ಬಾಯ್ ಮುಚ್ಕೊಂಡು ನೋಡ್ಕೊ” ಎಂದು ಹೇಳಿ, ಗಂಡನೊಂದಿಗೆ ಊಟಿ ಬಸ್ಸು ಹತ್ತಿದಳು. ಬಂಡೀಪುರ ದಾಟುವವರೆಗೂ ಶಿವರಾಮು ಪ್ರತಿ ಮರ ತೋರಿಸಿ, ಇದರ ಮೇಲೆ ಇಷ್ಟು ಹೊತ್ತು ಕೂತಿದ್ದೆ ಎಂದು ಪಕ್ಕದ ಸೀಟಿನವರಿಗೆ ವಿವರಿಸಿದ. ಘಾಟಿಯಲ್ಲಿ ಅವಳ ಕಿವಿ ಕಟ್ಟಿಕೊಂಡಿತು. ಊಟಿಯಲ್ಲಿ ಇಳಿದಾಗ ಚಳಿಗೆ ಹಲ್ಲು ಕಟಕಟ ಎಂದವು. “ಇದ್ಕೇ ಬತ್ತರಾ ಜನ? ನಮ್ ಕೋಳಿ ಫ್ರಿಜ್ಜಲ್ ತಲೆ ಮಡಿಕಂಡಿದ್ರೆ ಸಾಕಾಗಿತ್ತು” ಎಂದಳು. ಸಂಜೆ ಕೆರೆ ನೋಡಿದರು. ಶಿವರಾಮು ಮಂಕಿ ಕ್ಯಾಪು ಕೊಂಡ. ಹೋಟೆಲಿನ ಹಾಸಿಗೆ ಎಷ್ಟು ಮೆತ್ತಗಿತ್ತೆಂದರೆ ಅವನು ಅದರೊಳಗೆ ಕಾಣದಂತಾದ.

ಬೆಳಿಗ್ಗೆ ಕೆಳಗಿನ ಹಾಲಿನಲ್ಲಿ ತಿಂಡಿ. ಬಿಳಿ ಬಟ್ಟೆ ಹಾಸಿದ ಮೇಜು, ಕಿಟಕಿಯಾಚೆ ಮಂಜು. ನಡುವಯಸ್ಸಿನ ಒಬ್ಬ ಸಪ್ಲೈಯರ್ ಬಂದು ನಿಂತ. ಇವರಿಬ್ಬರ ಮಾತು ಕಿವಿಗೆ ಬಿದ್ದು ಅವನ ಮುಖ ಅರಳಿತು. ಚಂದಕವಾಡಿಯವನಂತೆ, ಊಟಿಗೆ ಬಂದು ಬಹಳ ಕಾಲವಾಯಿತಂತೆ.

“ಏನ್ ಕೊಡ್ಲಿ ತಾಯಿ?” ಎಂದ.

ದೊಡ್ಡಮಾದಮ್ಮ ಅವನ ಮುಖ ನೋಡಿದಳು. ಶಿವರಾಮುವಿನ ಮುಖ ನೋಡಿದಳು. ಎಲ್ಲರಿಗೂ ಬಡಿಸಿ, ಪಾತ್ರೆಯ ತಳ ಕೆರೆದು, ಮೂರು ಗಂಟೆಗೋ ನಾಲ್ಕು ಗಂಟೆಗೋ ನಿಂತುಕೊಂಡೇ ತಿಂದ ಬಾಯಿ ಅದು. ಅದಕ್ಕೆ ತಿಳಿದಿದ್ದ ಪ್ರಶ್ನೆ ಒಂದೇ.

“ಏನ್ ಉಳ್ದದಪ್ಪ?”

“ಉಳ್ದಿರೋದ್ಯಾಕೆ ತಾಯಿ? ನೀವ್ ಏಳಿ, ಈಗ ಮಾಡ್ಸ್ತೀನಿ.”

ಅವಳ ಕಣ್ಣು ತುಂಬಿಬಿಟ್ಟವು. ತುಂಬಿದ್ದಕ್ಕೆ ಅವಳಿಗೇ ಸಿಟ್ಟು ಬಂತು. ಸೆರಗಿನಲ್ಲಿ ಮೂಗು ಒರೆಸಿ, ಚಳಿಗೆ ನೆಗಡಿ ಎಂದಳು. ಶಿವರಾಮು ಎಂದೂ ಇಲ್ಲದ ಜಾಣತನ ತೋರಿ ಕಿಟಕಿಯ ಕಡೆ ತಿರುಗಿ ಕೂತ. ಆಮೇಲೆ ಅವಳು ಮಸಾಲೆ ದೋಸೆ ಹೇಳಿದಳು. ಪೂರಿ ಹೇಳಿದಳು. ಚಟ್ನಿಗೆ ಉಪ್ಪು ಕಡಿಮೆ ಎಂದು ಬೈದು ಅದನ್ನೇ ಮತ್ತೆ ಹಾಕಿಸಿಕೊಂಡಳು. ಎರಡು ಕಾಫಿ ಕುಡಿದಳು. ಪಕ್ಕದ ಮೇಜುಗಳೆಲ್ಲ ಖಾಲಿಯಾಗಿ, ಬಟ್ಟೆ ಬದಲಾಯಿಸಿ, ಮಧ್ಯಾಹ್ನದ ಊಟಕ್ಕೆ ತಟ್ಟೆ ಜೋಡಿಸುವವರೆಗೂ ಇಬ್ಬರೂ ಅಲ್ಲೇ ಕೂತಿದ್ದರು.

ಊರಿಗೆ ಬಂದರೆ ಭಾನು ಯಾರನ್ನೂ ಕ್ಯಾಶಾ ಕಾರ್ಡಾ ಎಂದು ಕೇಳದೆ ಎಲ್ಲರಿಗೂ ಒಂದೇ ಸಮ ಬಡಿಸಿ, ಎರಡು ಗಂಟೆಯೊಳಗೇ ಪಾತ್ರೆ ಖಾಲಿ ಮಾಡಿ ಬಾಗಿಲು ಹಾಕಿದ್ದಳು. ದೊಡ್ಡಮಾದಮ್ಮನಿಗೆ ಹೊಟ್ಟೆಕಿಚ್ಚೂ ಆಯಿತು, ಸಮಾಧಾನವೂ ಆಯಿತು. ಕತ್ತು ತೊಡೆಯ ನ್ಯಾಯ ಅಲ್ಲಿಗೆ ನಿಂತಿತು. ಮಾತಿನಂತೆ ಕನಕರಾಜುಗೆ ಕ್ಯಾಶು. ಎರಡನೆಯ ವರ್ಷಕ್ಕೆ ಬ್ಯಾಂಕು ಕಾರ್ಡಿನ ಮೇಲೆ ವಾರ್ಷಿಕ ಶುಲ್ಕ ಹಾಕಿತು, ಭಾನು ಅದನ್ನು ರದ್ದು ಮಾಡಿಸಿದಳು. ಕಾವ್ಯಶ್ರೀಯ ಮುಖ ಸಪ್ಪಗಾಯಿತು, ಆದರೆ ಮಂಗಳವಾರ ಮಂಗಳವಾರ ಊಟಕ್ಕೆ ಬರುವುದನ್ನು ಬಿಡಲಿಲ್ಲ.

ಮಿಷನ್ನು ಮಾತ್ರ ಉಳಿಯಿತು. ಅದಿಲ್ಲದೆ ಕಾರುಗಳು ನಿಲ್ಲುವುದಿಲ್ಲ. ಅದಕ್ಕೆ ದೊಡ್ಡಮಾದಮ್ಮ ಕೊನೆಗೆ ಎಲ್ಲ ಅಂಗಡಿಯವರೂ ಮಾಡುವುದನ್ನೇ ಮಾಡಿದಳು, ಊಟದ ರೇಟನ್ನೇ ಸ್ವಲ್ಪ ಏರಿಸಿದಳು, ಎಲ್ಲರಿಗೂ. ಇದಕ್ಕೆ ಮೊದಲು ತಕರಾರು ತೆಗೆದವನು ದಿನಾ ಊಟಕ್ಕೆ ಬರುವ ಪಂಚರ್ ಅಂಗಡಿ ರಾಜಣ್ಣ. “ನನ್ತಾವ ಕಾರ್ಡೂ ಇಲ್ಲ, ಪಾಯಿಂಟೂ ಇಲ್ಲ. ಊಟಿಗೋಗೋರ ಭಕ್ಷೀಸು ನಾನ್ಯಾಕಕ್ಕ ಕೊಡ್ಲಿ?”

ದೊಡ್ಡಮಾದಮ್ಮ “ಬ್ಯಾಂಕಿನೋರ್ನ ಕೇಳ್ಲಾ” ಎಂದು ಗದರಿ, ಅವನ ತಟ್ಟೆಗೆ ಇನ್ನೊಂದು ತುಂಡು ಹಾಕಿ ಒಳಗೆ ಹೋದಳು. ಆ ತುಂಡು ಈಗಲೂ ಅವನಿಗೆ ಬೀಳುತ್ತದೆ. ತಕರಾರೂ ಈಗಲೂ ಇದೆ.

ಈ ಸಲ ಆಯುಧಪೂಜೆಯ ರಶ್ಶು ಮುಗಿದ ಮೇಲೆ ಅವಳು ಒಂದು ಬೆಳಿಗ್ಗೆ, ಕನ್ಯಾಕುಮಾರಿಗೆ ಹೋಗುತ್ತೇನೆ, ಮೂರು ದಿನ ಎಂದಳು. ಶಿವರಾಮು ಗಲ್ಲಾದಿಂದ ತಲೆಯೆತ್ತಿ, “ಅದೂ ಪುಕ್ಸಟ್ಟೆಯಾ ಅಮ್ಮಿ?” ಎಂದ.

“ಇಲ್ಲ. ದುಡ್ಡು ಕೊಟ್ಟೇ ಓಗದು. ನನ್ ದುಡ್ಡು. ಬಂದ್ರೆ ಬಾ, ಇಲ್ದಿದ್ರೆ ಬುಡು.”

ಅವನು ಸ್ವಲ್ಪ ಹೊತ್ತು ಚಿಲ್ಲರೆ ಎಣಿಸಿದ. ಆಮೇಲೆ ಎದ್ದು, ಅಲ್ಲಿ ಚಳಿ ಹೇಗಿರುತ್ತದೆ, ಟೋಪಿ ಬೇಕಾಗುತ್ತದೆಯೇ ಎಂದು ಸೊಸೆಯನ್ನು ಕೇಳಲು ಒಳಗೆ ಹೋದ.